ಸಿಇಟಿ ಆಪ್ಷನ್ ಎಂಟ್ರಿ: ಪಟ್ಟಿಯಲ್ಲಿ ಮೊದಲು ಯಾವ ಕಾಲೇಜು ಬರೆಯಬೇಕು?

ಸಿಇಟಿ ರ್‍ಯಾಂಕ್ ಬಂದ ಮೇಲೆ ನಮ್ಮ ಮನೆಯ ಊಟದ ಮೇಜು ಒಂದು ತಿಂಗಳು ಊಟಕ್ಕೆ ಸಿಗುವುದಿಲ್ಲ. ನೆಂಟರ ಮಕ್ಕಳು, ಪಕ್ಕದ ಬೀದಿಯವರು, ಅವರ ಸ್ನೇಹಿತರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಕೂರುತ್ತಾರೆ. ನಾನೇನು ಕೌನ್ಸೆಲರ್ ಅಲ್ಲ. ಕೆಲವು ವರ್ಷದ ಹಿಂದೆ ಅಣ್ಣನ ಮಗನಿಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಪಟ್ಟಿ ಮಾಡುವ ಕೆಲಸ, ಮಾಡಿಕೊಡಲು ಹೋಗಿ ಕೆಡಿಸಿದೆ. ಆಗ ಹೊಟ್ಟೆ ಉರಿದು ಕಲಿತದ್ದನ್ನೇ ಈಗ ಎಲ್ಲರಿಗೂ ಹೇಳಿಕೊಡುತ್ತಿದ್ದೇನೆ.

ಕೆಡಿಸಿದ್ದು ಹೀಗೆ. ಹುಡುಗನ ರ್‍ಯಾಂಕ್ 14 ಸಾವಿರದ ಆಸುಪಾಸು. ಅವನಿಗೆ ಒಂದು ಕಾಲೇಜಿನ ಮೇಲೆ ಕಣ್ಣಿತ್ತು. ಹಿಂದಿನ ವರ್ಷದ ಕಟಾಫ್, ಅಂದರೆ ಅಲ್ಲಿ ಕೊನೆಯ ಸೀಟು ಸಿಕ್ಕವನ ರ್‍ಯಾಂಕ್, ನೋಡಿದರೆ 13 ಸಾವಿರಕ್ಕೇ ನಿಂತಿತ್ತು. 'ಅದು ನಿನಗೆ ಸಿಗಲ್ಲ, ಸುಮ್ನೆ ಮೊದಲನೇ ಆಪ್ಷನ್ ಯಾಕೆ ಹಾಳು ಮಾಡ್ತೀಯ' ಅಂದೆ. ಗ್ಯಾರಂಟಿ ಸಿಗುವ ಕಾಲೇಜನ್ನು ಮೇಲೆ ಹಾಕಿಸಿದೆ. ಅವನ ಇಷ್ಟದ್ದು ಮೂರನೇ ಸಾಲಿಗೆ ಇಳಿಯಿತು. ಮೊದಲ ಸುತ್ತಿನಲ್ಲೇ ಮೊದಲ ಆಪ್ಷನ್ ಸಿಕ್ಕಿತು. ಮನೆಯಲ್ಲಿ ಸಿಹಿ ಹಂಚಿದರು. ವಾರದ ಮೇಲೆ ಆ ವರ್ಷದ ಕಟಾಫ್ ಪಟ್ಟಿ ನೋಡಿದೆವು. ಅವನು ಕೇಳಿದ್ದ ಕಾಲೇಜು 14 ಸಾವಿರದ 600ರವರೆಗೆ ಹೋಗಿತ್ತು! ಸೀಟು ಅವನ ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ತಡೆದವನು ನಾನು.

ಇಷ್ಟಕ್ಕೂ ತಪ್ಪು ಎಲ್ಲಾಯಿತು? ಅದು ತಿಳಿಯಬೇಕಾದರೆ ಸೀಟು ಹಂಚುವ ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಓದುವ ರೀತಿ

ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಈಗ ಅದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಮ್ಮ ಬಾಯಲ್ಲಿ ಕೆಇಎ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಎರಡನೇ ವರ್ಷದ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಪಿಯುಸಿಯಲ್ಲಿ 300ಕ್ಕೆ 270 ಬಂದರೆ ಅಲ್ಲಿಂದ 45. ಸಿಇಟಿಯಲ್ಲಿ 180ಕ್ಕೆ 108 ಬಂದರೆ ಅಲ್ಲಿಂದ 30. ಒಟ್ಟು 75. ಹೀಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಅದೇ ರ್‍ಯಾಂಕ್ ಪಟ್ಟಿ. ಮೆಡಿಕಲ್, ಡೆಂಟಲ್ ಸೀಟುಗಳಿಗೆ ನೀಟ್ ರ್‍ಯಾಂಕ್ ನೋಡುತ್ತಾರೆ. ಆದರೆ ರಾಜ್ಯದ ಪಾಲಿನ ಸೀಟು ಹಂಚುವುದು ಅಲ್ಲೂ ಕೆಇಎಯೇ.

ಮುಂದಿನದನ್ನು ಮದುವೆಮನೆಯ ಐಸ್‌ಕ್ರೀಂ ಕೌಂಟರ್ ಅಂದುಕೊಳ್ಳಿ. ಎಲ್ಲರೂ ರ್‍ಯಾಂಕಿನ ಪ್ರಕಾರ ಸಾಲಿನಲ್ಲಿ ನಿಂತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ. 'ಮಾವು, ಅದಿಲ್ಲದಿದ್ದರೆ ಚಾಕೊಲೇಟ್, ಅದೂ ಇಲ್ಲದಿದ್ದರೆ ವೆನಿಲ್ಲಾ' ಅಂತ ಬರೆದಿದೆ. ನಿಮ್ಮ ಸರದಿ ಬಂದಾಗ ಬಡಿಸುವವನು ಚೀಟಿಯನ್ನು ಮೇಲಿನಿಂದ ಓದುತ್ತಾನೆ. ಮಾವು ಉಳಿದಿದೆಯಾ? ಇದ್ದರೆ ಕೊಟ್ಟ, ಓದುವುದನ್ನು ಅಲ್ಲಿಗೇ ನಿಲ್ಲಿಸಿದ. ಇಲ್ಲವಾ? ಎರಡನೇ ಸಾಲಿಗೆ ಇಳಿದ. ಮಾವು ಕೇಳಿದ್ದಕ್ಕೆ ನಿಮ್ಮನ್ನು ಸಾಲಿನ ಹಿಂದಕ್ಕೆ ಕಳಿಸುವುದಿಲ್ಲ. ಹಿಂದಿರುವವನ ಚೀಟಿಯಲ್ಲಿ ಚಾಕೊಲೇಟ್ ಮೊದಲನೇ ಸಾಲಿನಲ್ಲಿದೆ, ನಿಮ್ಮದರಲ್ಲಿ ಎರಡನೇ ಸಾಲಿನಲ್ಲಿದೆ ಅಂತ ಅವನಿಗೆ ಕೊಟ್ಟುಬಿಡುವುದೂ ಇಲ್ಲ. ಸಾಲಿನಲ್ಲಿ ನೀವು ಮುಂದಿದ್ದೀರಿ, ಚಾಕೊಲೇಟ್ ನಿಮ್ಮದೇ.

ಮಕ್ಕಳಿಗೂ ಅಪ್ಪಅಮ್ಮಂದಿರಿಗೂ ಅರ್ಥವಾಗದೆ ಉಳಿಯುವುದು ಇದೊಂದೇ. ನೀವು ಒಂದು ಕಾಲೇಜನ್ನು ಎಷ್ಟನೇ ಆಪ್ಷನ್ ಆಗಿ ಬರೆದಿದ್ದೀರಿ ಅನ್ನುವುದಕ್ಕೂ ಆ ಸೀಟು ನಿಮಗೆ ಸಿಗುವ ಸಾಧ್ಯತೆಗೂ ಸಂಬಂಧವೇ ಇಲ್ಲ. ಅದನ್ನು ತೀರ್ಮಾನಿಸುವುದು ರ್‍ಯಾಂಕ್ ಮತ್ತು ಕೆಟಗರಿ, ಅಂದರೆ ನಿಮ್ಮ ಮೀಸಲಾತಿ ವರ್ಗ. ಆಪ್ಷನ್ ಕ್ರಮಕ್ಕೆ ಇರುವ ಕೆಲಸ ಒಂದೇ. ಸಿಗಬಹುದಾದ ನಾಲ್ಕಾರು ಸೀಟುಗಳಲ್ಲಿ ಯಾವುದು ಕೊಡಲಿ ಅಂತ ಕಂಪ್ಯೂಟರ್ ಕೇಳಿದಾಗ ಉತ್ತರ ಹೇಳುವುದು. ಅಣ್ಣನ ಮಗನ ಪರವಾಗಿ ನಾನು ಕೊಟ್ಟ ಉತ್ತರ ಸುಳ್ಳು. ಅವನಿಗೆ ಬೇಕಾದದ್ದು ಒಂದು, ನಾನು ಬರೆಸಿದ್ದು ಇನ್ನೊಂದು. ಕಂಪ್ಯೂಟರ್ ಬರೆದದ್ದನ್ನು ಕೊಟ್ಟಿತು.

ಇಂಥ ಹಂಚಿಕೆಯ ಗಣಿತಕ್ಕೆ ದಾರಿ ಹಾಕಿದ್ದು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಕಾಲೇಜು ಪ್ರವೇಶದ ಬಗ್ಗೆಯೇ ಬರೆದ ಒಂದು ಪುಟ್ಟ ಪ್ರಬಂಧ. ಇದೇ ಬಗೆಯ ಕೆಲಸಕ್ಕೆ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕೆಇಎ ಮಾಡುವುದು ಅದಕ್ಕಿಂತ ಸರಳ. ಸಾಲಿನಲ್ಲಿ ನಿಲ್ಲಿಸು, ಚೀಟಿ ಓದು, ಕೊಡು. ಇಂಥ ಪದ್ಧತಿಯಲ್ಲಿ ನಿಜವಾದ ಇಷ್ಟವನ್ನು ಇಷ್ಟದ ಕ್ರಮದಲ್ಲೇ ಬರೆದವರಿಗೆ ನಷ್ಟವೇ ಇಲ್ಲ. ಚಾಲಾಕಿತನ ಮಾಡಿದವರಿಗೆ ಮಾತ್ರ ನಷ್ಟ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುವ ಗಾದೆ ಆಪ್ಷನ್ ಪಟ್ಟಿಯ ಮೇಲ್ತುದಿಗೆ ಒಪ್ಪುವುದಿಲ್ಲ. ಅಲ್ಲಿ ಕಾಲು ಎಷ್ಟು ಚಾಚಿದರೂ ಪುಕ್ಕಟೆ. ಎಷ್ಟು ಆಪ್ಷನ್ ಬರೆಯಬೇಕು ಅನ್ನುವುದಕ್ಕೂ ಮಿತಿ ಇಲ್ಲ. ಹತ್ತು ಬರೆಯಿರಿ, ಇನ್ನೂರು ಬರೆಯಿರಿ.

ಒಂಬತ್ತು ಸಾಲಿನ ಪಟ್ಟಿ

ಕಳೆದ ಸಲ ಬಂದ ಒಬ್ಬಳು ಹುಡುಗಿಯ ಪಟ್ಟಿಯಲ್ಲಿ ಇದ್ದದ್ದು ಬರೀ ಒಂಬತ್ತು. ರ್‍ಯಾಂಕ್ 28 ಸಾವಿರ ಚಿಲ್ಲರೆ. ಒಂಬತ್ತೂ ಕಂಪ್ಯೂಟರ್ ಸೈನ್ಸ್. ಒಂಬತ್ತೂ ಬೆಂಗಳೂರು. ನಿಜವಾದ ಹಂಚಿಕೆಗೆ ಮುಂಚಿನ ತಾಲೀಮು, ಮಾಕ್ ಅಲಾಟ್‌ಮೆಂಟ್‌ನಲ್ಲಿ ಯಾವ ಸೀಟೂ ಬಂದಿರಲಿಲ್ಲ. ಅಪ್ಪ ಮ್ಯಾನೇಜ್‌ಮೆಂಟ್ ಸೀಟಿಗೆ ಸೈಟು ಮಾರುವ ಮಾತಾಡುತ್ತಿದ್ದರು. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು.

ನನ್ನ ಅಣ್ಣನ ಮಗನದ್ದು ಕ್ರಮದ ತಪ್ಪು. ಇವಳ ಕ್ರಮ ಸರಿಯೇ ಇತ್ತು. ಉದ್ದ ಸಾಲದಾಗಿತ್ತು. ಚೀಟಿಯಲ್ಲಿ ಒಂಬತ್ತೇ ಹೆಸರಿದ್ದು ಒಂಬತ್ತೂ ಮುಗಿದಿದ್ದರೆ ಬಡಿಸುವವನು ಏನು ಮಾಡಿಯಾನು? ಮುಂದಿನವರನ್ನು ಕರೆಯುತ್ತಾನೆ.

'ಅಂಕಲ್, ಬೇರೆ ಕಾಲೇಜಿನ ಕಟಾಫ್ ನೋಡಿ ಹಾಕೋಣ' ಅಂದಳು. ಸರಿ, ಕಟಾಫ್ ಪಟ್ಟಿ ತೆರೆದೆವು.

ಆ ಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ. ಪ್ರತಿ ಕೋರ್ಸಿನ ಮುಂದೆ ಅಡ್ಡಕ್ಕೆ 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್ ಅಂತ ಹೋಗುತ್ತಲೇ ಇರುತ್ತದೆ. ಮೊದಲ ಭಾಗ ನಿಮ್ಮ ಕೆಟಗರಿ. ಜಿಎಂ ಅಂದರೆ ಜನರಲ್ ಮೆರಿಟ್. ಕೊನೆಯ ಅಕ್ಷರ ಅದರೊಳಗಿನ ಪಾಲು. ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಬೇರೆಯೇ ಪಟ್ಟಿ ಇದೆ. ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8. ಕೆಟಗರಿ ಇದ್ದವರು ಬರೀ ಆ ಕಾಲಂ ನೋಡಿದರೆ ಸಾಲದು. ಜಿಎಂ ಸೀಟು ಎಲ್ಲರಿಗೂ ಸೇರಿದ್ದು. ರ್‍ಯಾಂಕ್ ಸಾಕಾದರೆ 2ಎ ಹುಡುಗನಿಗೂ ಜಿಎಂ ಸೀಟೇ ಬರುತ್ತದೆ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಆ ಹುಡುಗಿ ಹತ್ತೂ ವರ್ಷ ಓದಿದ್ದು ಹಳ್ಳಿಯ ಶಾಲೆಯಲ್ಲಿ. ಗ್ರಾಮೀಣ ಮೀಸಲಾತಿ ಅರ್ಜಿಯಲ್ಲೇ ಕ್ಲೇಮ್ ಮಾಡಿದ್ದಳು, ಬಿಇಒ ಸಹಿಯೂ ಇತ್ತು. ಆದರೆ ಮನೆಯವರು ಎರಡು ವಾರದಿಂದ ಜಿಎಂ ಕಾಲಂ ಒಂದನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆರ್ ಕಾಲಂ ತೋರಿಸಿದಾಗ ಅಪ್ಪ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಕಟಾಫ್ ಅಂದರೆ ಹೋದ ವರ್ಷ ಬಸ್ಸಿಗೆ ಕೊನೆಗೆ ಹತ್ತಿದವನ ಟಿಕೆಟ್ ನಂಬರ್, ಅಷ್ಟೇ. ಈ ವರ್ಷ ಬಸ್ಸು ದೊಡ್ಡದಾಗಿರಬಹುದು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ 2024-25ರಿಂದ ಒಳ್ಳೆಯ ದಾಖಲೆ ಇರುವ ಕಾಲೇಜುಗಳಿಗೆ ಸೀಟಿನ ಗರಿಷ್ಠ ಮಿತಿಯನ್ನೇ ತೆಗೆದುಹಾಕಿತು. ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಜಾಸ್ತಿಯಾದರೆ ಅದರ ಕಟಾಫ್ ಮುಂದಕ್ಕೆ ಜಾರುತ್ತದೆ. ಪಕ್ಕದ ಕಾಲೇಜಿನದ್ದೂ ಜಾರುತ್ತದೆ. ಮೊದಲ ಸುತ್ತಿನ ಕಟಾಫ್‌ಗೂ ಕೊನೆಯ ಸುತ್ತಿನದ್ದಕ್ಕೂ ವ್ಯತ್ಯಾಸ ಇರುತ್ತದೆ. ಯಾವ ಸುತ್ತಿನ ಪಟ್ಟಿ ಅಂತ ನೋಡದೆ ಓದುವವರೇ ಜಾಸ್ತಿ.

ಹಾಗಾಗಿ ಕಟಾಫ್ ನೋಡಿ ಮೇಲಿನ ಆಪ್ಷನ್ ಅಳಿಸಬೇಡಿ. ಅದು ಉಪಯೋಗಕ್ಕೆ ಬರುವುದು ಪಟ್ಟಿಯ ಕೆಳತುದಿಯಲ್ಲಿ. ನನ್ನ ರೂಢಿ ಹೀಗೆ: ಕೊನೆಯ ಹತ್ತು ಹನ್ನೆರಡು ಆಪ್ಷನ್‌ಗಳ ಕಟಾಫ್ ನಿಮ್ಮ ರ್‍ಯಾಂಕಿನ ಒಂದೂವರೆ ಪಟ್ಟು ದಾಟಿರಲಿ. 28 ಸಾವಿರದವಳಿಗೆ 42 ಸಾವಿರದ ಆಚಿನವು. ಇದು ಯಾವ ನಿಯಮವೂ ಅಲ್ಲ, ನಿದ್ದೆ ಬರಲಿ ಅಂತ ಮಾಡಿಕೊಂಡದ್ದು. ಆದರೆ ಒಂದು ಷರತ್ತು. ಸಿಕ್ಕಿದರೆ ನಿಜವಾಗಿ ಹೋಗಿ ಸೇರುತ್ತೀರಾ? ಹೋಗಲ್ಲ ಅಂದರೆ ಬರೆಯಲೇಬೇಡಿ.

ಬೇಕಾದದ್ದು ಯಾವುದು ಅಂತ ಗೊತ್ತಾಗುವುದು ಹೇಗೆ?

'ಇಷ್ಟದ ಕ್ರಮದಲ್ಲಿ ಬರೆ' ಅಂದಾಕ್ಷಣ ಮಕ್ಕಳು ಹಿಂದಿನ ವರ್ಷದ ಕಟಾಫ್ ಪಟ್ಟಿಯನ್ನೇ ಮೊದಲು ತುಂಬಿದ್ದರಿಂದ ಶುರುಮಾಡಿ ಕಾಪಿ ಮಾಡುತ್ತಾರೆ. ಬೇಗ ತುಂಬುವುದು ಒಳ್ಳೆಯದು, ತಡವಾಗಿ ತುಂಬುವುದು ಕೆಟ್ಟದ್ದು ಅನ್ನುವ ಲೆಕ್ಕ. ಅದು ಊರಿನವರ ಇಷ್ಟದ ಕ್ರಮ. ನಿಮ್ಮದು ಅದೇ ಆಗಬೇಕಿಲ್ಲ, ಅಲ್ವಾ?

ಎಲ್ಲರೂ ಜಗಳ ಆಡುವುದು ಬ್ರಾಂಚಾ, ಕಾಲೇಜಾ ಅಂತ. ನಾನು ಒಂದು ಕಡೆ ವಾಲಿಬಿಟ್ಟಿದ್ದೇನೆ. ಹತ್ತಿರದ ಬ್ರಾಂಚುಗಳ ನಡುವೆ ಆದರೆ ಕಾಲೇಜು ನೋಡಿ. ದೂರದ ಬ್ರಾಂಚುಗಳ ನಡುವೆ ಆದರೆ ಬ್ರಾಂಚು ನೋಡಿ. ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಷನ್ ಸೈನ್ಸ್ ಎರಡರಲ್ಲೂ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್ ಎಲ್ಲ ಇರುತ್ತವೆ. ಈಗಿನ ಎಐಎಂಎಲ್ (ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅನ್ನುವ ಹೆಸರುಗಳ ಕೆಳಗೂ ಬುನಾದಿಯ ವಿಷಯಗಳು ಹೆಚ್ಚುಕಡಿಮೆ ಅವೇ. ಕಾಲೇಜಿನ ಸಿಲಬಸ್ ಇಳಿಸಿಕೊಂಡು ಮೂರನೇ ಸೆಮಿಸ್ಟರ್‌ನಿಂದ ಐದರವರೆಗೆ ಪಕ್ಕಪಕ್ಕ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ. ಸುಮಾರಾದ ಕಾಲೇಜಿನ ಸಿಎಸ್‌ಗಿಂತ ಒಳ್ಳೆಯ ಕಾಲೇಜಿನ ಐಎಸ್ ನನ್ನ ಪ್ರಕಾರ ಮೇಲಿರಬೇಕು. ಆದರೆ ಸಿವಿಲ್ ಇಷ್ಟವೇ ಇಲ್ಲದವನನ್ನು ಕಾಲೇಜಿನ ಹೆಸರಿಗಾಗಿ ಸಿವಿಲ್‌ಗೆ ತಳ್ಳಬೇಡಿ. ಎರಡನೇ ವರ್ಷದಲ್ಲಿ ಬ್ರಾಂಚ್ ಬದಲಾಯಿಸಿದರಾಯಿತು ಅನ್ನುವ ಸಲಹೆ ಕೊಡುವವರು ಇದ್ದಾರೆ. ಖಾಲಿ ಸೀಟಿದ್ದರೆ, ಅಂಕ ಚೆನ್ನಾಗಿದ್ದರೆ ಆಗುತ್ತದೆ. ಅದನ್ನು ನಂಬಿಕೊಂಡು ಸೇರುವಂಥದ್ದಲ್ಲ.

ಇನ್ನು ಕಾಲೇಜು ಒಳ್ಳೆಯದಾ ಅಂತ ನೋಡುವುದು. ಹೆಸರು, ವಯಸ್ಸು ಒಂದಷ್ಟು ಹೇಳುತ್ತವೆ. ಸರ್ ಎಂ. ವಿಶ್ವೇಶ್ವರಯ್ಯ 1917ರಲ್ಲಿ ಕಟ್ಟಿಸಿದ ಬೆಂಗಳೂರಿನ ಯುವಿಸಿಇ, 1946ರಲ್ಲಿ ಶುರುವಾದ ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ, 1958ರ ಕಲಬುರಗಿಯ ಪಿಡಿಎ, 1960ರ ಹಾಸನದ ಮಲೆನಾಡು, 1963ರ ತುಮಕೂರಿನ ಎಸ್‌ಐಟಿ, ಬಾಗಲಕೋಟೆಯ ಬಸವೇಶ್ವರ. ಇವುಗಳ ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲೂ ಸಿಗುತ್ತಾರೆ. ಈ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರಿನ ಹೊರಗಿನವು ಅನ್ನುವುದನ್ನು ಬೆಂಗಳೂರೇ ಬೇಕು ಅನ್ನುವ ಮಕ್ಕಳಿಗೆ ನಾನು ಬೇಕಂತಲೇ ತೋರಿಸುತ್ತೇನೆ. ಆದರೆ ಅಜ್ಜನ ಕಾಲದ ಹೆಸರು ನೋಡಿ ಈಗಿನ ಲ್ಯಾಬ್ ಹೇಗಿದೆ ಅಂತ ಹೇಳಲಾಗದು. ಅದಕ್ಕೆ ಬೇರೆ ದಾರಿ ಬೇಕು.

ನನಗೆ ಬಹಳ ಉಪಯೋಗಕ್ಕೆ ಬಂದದ್ದು ಒಂದು ಪಿಡಿಎಫ್. ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಗೊತ್ತಲ್ಲ, 2016ರಿಂದ ಕೇಂದ್ರ ಸರ್ಕಾರ ಪ್ರಕಟಿಸುತ್ತಿರುವ ಕಾಲೇಜುಗಳ ರ್‍ಯಾಂಕಿಂಗ್. ಎಲ್ಲರೂ ಅದರಲ್ಲಿ ಎಷ್ಟನೇ ನಂಬರ್ ಅಂತ ನೋಡುತ್ತಾರೆ. ಆ ನಂಬರಿನಲ್ಲಿ ಸಂಶೋಧನೆಗೆ ಶೇ 30 ತೂಕ, ಜನರ ಅಭಿಪ್ರಾಯಕ್ಕೆ ಶೇ 10. ಬಿಇ ಮಾಡುವ ಹುಡುಗನಿಗೆ ಅದರಿಂದ ನೇರ ಲಾಭ ಕಡಿಮೆ. ನಾನು ನೋಡುವುದು ಅದರ ಹಿಂದಿರುವ ಕಾಗದ. ಭಾಗವಹಿಸಿದ ಕಾಲೇಜು ತಾನು ಕೊಟ್ಟ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲೇ ಹಾಕಿರುತ್ತದೆ. ಅದರಲ್ಲಿ ಒಂದು ಕೋಷ್ಟಕ ಇದೆ. ಎಷ್ಟು ಜನ ಸೇರಿದರು, ನಾಲ್ಕೇ ವರ್ಷದಲ್ಲಿ ಪಾಸಾದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು.

ಅಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ. ಒಂದು ಕಾಲೇಜಿಗೆ 600 ಜನ ಸೇರಿದ್ದಾರೆ ಅಂದುಕೊಳ್ಳಿ. ಸಮಯಕ್ಕೆ ಪಾಸಾದವರು 420. ಕೆಲಸ ಸಿಕ್ಕವರು 250, ಎಂಟೆಕ್‌ಗೋ ಎಂಎಸ್‌ಗೋ ಹೋದವರು 50. ಗೇಟಿನ ಬಳಿಯ ಫ್ಲೆಕ್ಸ್‌ನಲ್ಲಿ 'ಶೇ 95 ಪ್ಲೇಸ್‌ಮೆಂಟ್' ಅಂತ ಇರಬಹುದು. ಅದು 'ಅರ್ಹ' ವಿದ್ಯಾರ್ಥಿಗಳ ಲೆಕ್ಕ. ಅರ್ಹತೆ ತೀರ್ಮಾನಿಸುವವರೂ ಅವರೇ. ನಿಮ್ಮ ಲೆಕ್ಕದಲ್ಲಿ 600ಕ್ಕೆ 300, ಅಂದರೆ ಅರ್ಧ. ನಿಮ್ಮ ಮಗಳು ಸೇರುವುದು ಆ 600ರಲ್ಲಿ ಒಬ್ಬಳಾಗಿ. ಉಳಿದ 180 ಜನ ಸಮಯಕ್ಕೆ ಪಾಸಾಗಲಿಲ್ಲವಲ್ಲ, ಆ ಅಂಕಿ ನನಗೆ ಸಂಬಳಕ್ಕಿಂತ ಹೆಚ್ಚು ಮಾತಾಡುತ್ತದೆ. ಪಾಠ ಹೇಗೆ ನಡೆಯುತ್ತದೆ, ಹಿಂದೆ ಬಿದ್ದವರನ್ನು ಯಾರಾದರೂ ವಿಚಾರಿಸುತ್ತಾರಾ ಅನ್ನುವುದರ ಸುಳಿವು ಅಲ್ಲಿದೆ.

ಮೀಡಿಯನ್ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಹತ್ತು ಜನರಲ್ಲಿ ಒಬ್ಬನಿಗೆ 40 ಲಕ್ಷ, ಒಂಬತ್ತು ಜನಕ್ಕೆ 4 ಲಕ್ಷ ಸಿಕ್ಕರೆ ಸರಾಸರಿ 7.6 ಲಕ್ಷ. ಆ ಹತ್ತು ಜನರಲ್ಲಿ ಒಬ್ಬನಿಗೂ ಅಷ್ಟು ಸಂಬಳ ಬಂದಿಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ 4 ಲಕ್ಷ ಅನ್ನುತ್ತಾನೆ. ಅದು ಮೀಡಿಯನ್. ಪೇಪರಿನ ಜಾಹೀರಾತಿನಲ್ಲಿ ಬರುವುದು ಆ ಒಬ್ಬನ 40 ಲಕ್ಷ. ಈ ಪಿಡಿಎಫ್‌ಗೂ ಒಂದು ಕೊರತೆ ಇದೆ. ಲೆಕ್ಕ ಇಡೀ ಕಾಲೇಜಿನದ್ದು, ಬ್ರಾಂಚ್‌ವಾರು ಅಲ್ಲ. ಬರೆದುಕೊಟ್ಟವರೂ ಕಾಲೇಜಿನವರೇ. ಆದರೂ ಫ್ಲೆಕ್ಸ್‌ಗಿಂತ ವಾಸಿ.

ನ್ಯಾಕ್, ಎನ್‌ಬಿಎ ಅಂತ ಗುಣಮಟ್ಟದ ಮಾನ್ಯತೆಯ ಎರಡು ಮುದ್ರೆ ಕಾಣಿಸುತ್ತವೆ. ನ್ಯಾಕ್ ಇಡೀ ಸಂಸ್ಥೆಗೆ. ಎಂಜಿನಿಯರಿಂಗ್‌ನಲ್ಲಿ ಎನ್‌ಬಿಎ ಕೊಡುವುದು ಒಂದೊಂದು ಕೋರ್ಸಿಗೆ ಬೇರೆಬೇರೆಯಾಗಿ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ಯಾವ ಬ್ರಾಂಚಿಗೆ, ಎಲ್ಲಿಯವರೆಗೆ ಅಂತ ಕೇಳಿ. ಹೊಸದಾಗಿ ಶುರುವಾದ ಬ್ರಾಂಚುಗಳಿಗೆ ಇರುವುದಿಲ್ಲ.

ಆಮೇಲೆ ಹೋಗಿ ನೋಡಿ. ಇದಕ್ಕೆ ಬದಲಿ ಇಲ್ಲ. ಅಡ್ಮಿಷನ್ ಕೌಂಟರ್ ಕಡೆ ಹೋಗಬೇಡಿ, ಅಲ್ಲಿ ಕಾಫಿ ಕೊಡುತ್ತಾರೆ. ಕೆಲಸದ ದಿನ ಮಧ್ಯಾಹ್ನ ಮೂರು ಗಂಟೆಗೆ ಕ್ಯಾಂಟೀನ್ ಹತ್ತಿರ ನಿಲ್ಲಿ. ಐದನೇ ಸೆಮಿಸ್ಟರ್ ಮಕ್ಕಳನ್ನು ಹಿಡಿದು ಎರಡೇ ಪ್ರಶ್ನೆ ಕೇಳಿ. ಈ ಸೆಮಿಸ್ಟರ್‌ನಲ್ಲಿ ಎಷ್ಟು ಜನ ಮೇಷ್ಟ್ರು ಬಿಟ್ಟುಹೋದರು? ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಎಷ್ಟು ಜನ ಕೂರುತ್ತೀರಿ? ಎಐಸಿಟಿಇ ಲೆಕ್ಕದಲ್ಲಿ 20 ವಿದ್ಯಾರ್ಥಿಗೆ ಒಬ್ಬರು ಅಧ್ಯಾಪಕರು ಇರಬೇಕು. ಕಾಗದದಲ್ಲಿ ಇರುತ್ತಾರೆ. ತರಗತಿಯಲ್ಲಿ ಇದ್ದಾರಾ ಅಂತ ಗೊತ್ತಿರುವುದು ಆ ಮಕ್ಕಳಿಗೇ. ಹೀಗೆ ಕೇಳಿದ ಒಂದು ಕಡೆ ಹುಡುಗನೊಬ್ಬ ನಕ್ಕುಬಿಟ್ಟ. 'ಸರ್, ಬಿಟ್ಟುಹೋದವರನ್ನು ಎಣಿಸೋದಕ್ಕಿಂತ ಉಳಿದವರನ್ನು ಎಣಿಸೋದು ಸುಲಭ' ಅಂದ. ಅವತ್ತು ಸಂಜೆ ಆ ಕಾಲೇಜು ನಮ್ಮ ಪಟ್ಟಿಯಲ್ಲಿ ಇಪ್ಪತ್ತು ಸಾಲು ಕೆಳಗಿಳಿಯಿತು.

ದೂರವೂ ಲೆಕ್ಕಕ್ಕೆ ಬರಬೇಕು. ಯಲಹಂಕದಲ್ಲಿ ಮನೆ, ಮೈಸೂರು ರಸ್ತೆಯಲ್ಲಿ ಕಾಲೇಜು ಅಂದರೆ ದಿನಕ್ಕೆ ಮೂರ್ನಾಲ್ಕು ಗಂಟೆ ಬಸ್ಸಿನಲ್ಲೇ ಹೋಯಿತು. ಅದೇ ರ್‍ಯಾಂಕಿಗೆ ಮೈಸೂರಿನಲ್ಲೋ ತುಮಕೂರಿನಲ್ಲೋ ಹಾಸ್ಟೆಲ್‌ನಿಂದ ನಡೆದು ಹೋಗುವ ಕಾಲೇಜು ಸಿಗುವುದಾದರೆ ಯೋಚಿಸಿ. ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲ್ಲ ಅನ್ನುವ ಮನೆಗಳಲ್ಲಿ ಈ ಮಾತು ತೆಗೆಯುವುದು ಕಷ್ಟ. ತೆಗೆಯಲೇಬೇಕಾದ ಮಾತು.

ಹಾಸಿಗೆ ಮತ್ತು ಕಾಲು

ಗಾದೆ ಒಪ್ಪುವ ಜಾಗ ಇದು. ಒಂದೇ ಬ್ರಾಂಚಿಗೆ ಸರ್ಕಾರಿ ಕಾಲೇಜಿನ ಫೀಸು ಬೇರೆ, ಅನುದಾನಿತ ಸೀಟಿನದ್ದು ಬೇರೆ, ಖಾಸಗಿಯದ್ದು ಬೇರೆ, ಖಾಸಗಿ ವಿಶ್ವವಿದ್ಯಾಲಯದ್ದು ಇನ್ನೂ ಬೇರೆ. ಸಾಮಾನ್ಯವಾಗಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೂರು ಸೀಟಿನಲ್ಲಿ 45 ಕೆಇಎ ಮೂಲಕ, 30 ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ, 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಇದು 40, 30, 30. ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಥರ ಫೀಸು ಕಟ್ಟಿರುತ್ತಾರೆ. ಸೈಟು ಮಾರುವ ಮುಂಚೆ ಪಟ್ಟಿ ಉದ್ದ ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಫೀಸಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಹಾಸ್ಟೆಲ್ ಸೇರಿಸಿ, ಅಪ್ಪಅಮ್ಮನ ಮುಂದೆ ಜೋರಾಗಿ ಓದಿ. ಮುಜುಗರ ಆಗುತ್ತದೆ. ಸೀಟು ಸಿಕ್ಕ ಮೇಲೆ ಆಗುವ ಮುಜುಗರಕ್ಕಿಂತ ಕಡಿಮೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ಕೇಳಬಹುದು. ಮಂಜೂರಾದ ಸೀಟಿನ ಮೇಲೆ ಶೇ 5 ಹೆಚ್ಚುವರಿ, ಬೋಧನಾ ಶುಲ್ಕ ಮಾಫಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹಣ ಬರುತ್ತದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಶಿಕ್ಷಣ ಸಾಲವೂ ಇದೆ. ಎಲ್ಲದಕ್ಕೂ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸರಿಯಿರಬೇಕು.

ಕಟ್ಟಲಾಗದ ಕಾಲೇಜನ್ನು ಪಟ್ಟಿಯಿಂದ ತೆಗೆದುಬಿಡಿ. ಕೆಳಗೆ ಹಾಕುವುದಲ್ಲ, ತೆಗೆಯುವುದು. ಕೆಳಗಿದ್ದರೂ ಕಂಪ್ಯೂಟರ್ ಅದನ್ನೇ ಕೊಟ್ಟುಬಿಡಬಹುದು.

ಮಾಕ್, ಆಮೇಲೆ ನಾಲ್ಕು ಛಾಯ್ಸ್

ಮಾಕ್ ಅಲಾಟ್‌ಮೆಂಟ್ ಅಂದರೆ ತಾಲೀಮು. ಆ ಹೊತ್ತಿಗೆ ಎಲ್ಲರೂ ಬರೆದಿರುವ ಆಪ್ಷನ್ ಇಟ್ಟುಕೊಂಡು ಒಂದು ಸಲ ಓಡಿಸಿ ತೋರಿಸುತ್ತಾರೆ. ಸೀಟು ಕೊಟ್ಟಂತಲ್ಲ. ಅದಾದ ಮೇಲೆ ಪಟ್ಟಿ ತಿದ್ದಲು ಕೆಲವು ದಿನ ಸಿಗುತ್ತದೆ. ಮಾಕ್‌ನಲ್ಲಿ ಬಂದದ್ದೇ ಬರುತ್ತದೆ ಅಂತ ಅದರ ಮೇಲಿನದ್ದನ್ನೆಲ್ಲ ಅಳಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಮೊದಲ ಸುತ್ತಿನ ನಿಜವಾದ ಸೀಟು ಬಂದಾಗ ನಾಲ್ಕು ಛಾಯ್ಸ್ ಕೊಡುತ್ತಾರೆ. ಛಾಯ್ಸ್ 1: ಇದೇ ಸಾಕು, ಸೇರುತ್ತೇನೆ. ಅಲ್ಲಿಗೆ ಮುಂದಿನ ಸುತ್ತು ಮುಗಿಯಿತು. ಛಾಯ್ಸ್ 2: ಇದು ಇರಲಿ, ಮೇಲಿನದ್ದು ಸಿಕ್ಕರೆ ಅದು ಬೇಕು. ಮೇಲಿನದ್ದು ಸಿಕ್ಕರೆ ಇದು ತಾನಾಗಿ ರದ್ದು, ಸಿಗದಿದ್ದರೆ ಇದೇ ನಿಮ್ಮದು. ಛಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಛಾಯ್ಸ್ 4: ನನಗೆ ಯಾವುದೂ ಬೇಡ. ಜನ ಎಡವುವುದು 2 ಮತ್ತು 3ರ ನಡುವೆ. 2ರಲ್ಲಿ ಕೈಯಲ್ಲಿರುವುದು ಉಳಿಯುತ್ತದೆ. 3ರಲ್ಲಿ ಕೈ ಖಾಲಿ. 3 ಒತ್ತಬೇಕಾದರೆ ಬೇರೆ ಕಡೆ ಸೀಟು ಗಟ್ಟಿಯಾಗಿರಬೇಕು. ಛಾಯ್ಸ್ 2 ತಗೊಂಡ ಮೇಲೆ ಮೇಲಿನ ಯಾವುದೋ ಒಂದು ಸಿಕ್ಕಿ, 'ಅಯ್ಯೋ ಹಳೇದೇ ಚೆನ್ನಾಗಿತ್ತು' ಅಂದರೆ ಅದು ವಾಪಸ್ ಬರುವುದಿಲ್ಲ. ಎರಡನೇ ಸುತ್ತಿಗೆ ಮುಂಚೆ ಪಟ್ಟಿ ಇನ್ನೊಮ್ಮೆ ಓದಿ, ಸಿಕ್ಕ ಸೀಟಿಗಿಂತ ನಿಜವಾಗಿ ಇಷ್ಟವಿಲ್ಲದ್ದು ಮೇಲೆ ಉಳಿದಿದ್ದರೆ ತೆಗೆಯಿರಿ. ಹೊಸದು ಸೇರಿಸಲು ಆಗ ಸಾಮಾನ್ಯವಾಗಿ ಬಿಡುವುದಿಲ್ಲ. ಅದಕ್ಕೇ ಮೊದಲೇ ಉದ್ದ ಬರೆಯಬೇಕು. ಫೀಸು ಯಾವಾಗ, ಎಷ್ಟು ಕಟ್ಟಬೇಕು ಅನ್ನುವುದು ವರ್ಷವರ್ಷ ಬದಲಾಗುತ್ತದೆ, ಆ ವರ್ಷದ ಸೂಚನೆ ಓದಿಕೊಳ್ಳಿ.

ಲಾಗಿನ್ ಪಾಸ್‌ವರ್ಡ್, ಒಟಿಪಿ ಮಾತ್ರ ಯಾರ ಕೈಗೂ ಕೊಡಬೇಡಿ. ಸೈಬರ್ ಸೆಂಟರಿನವನಿಗೂ ಬೇಡ, ಸೀಟು ಮಾಡಿಸಿಕೊಡುತ್ತೇನೆ ಅನ್ನುವವನಿಗೆ ಬೇಡವೇ ಬೇಡ. 2024ರ ಸೀಟ್ ಬ್ಲಾಕಿಂಗ್ ವಿಷಯ, ಅಂದರೆ ಸೇರುವ ಉದ್ದೇಶವೇ ಇಲ್ಲದ ಅಭ್ಯರ್ಥಿಗಳ ಹೆಸರಿನಲ್ಲಿ ಸೀಟು ಹಿಡಿದಿಟ್ಟದ್ದು, ಪೊಲೀಸ್ ಕೇಸಿನವರೆಗೆ ಹೋಯಿತು.

ಆ ಹುಡುಗಿಯ ಪಟ್ಟಿ ಎರಡು ಸಂಜೆ ಕೂತು 61 ಸಾಲಿಗೆ ಬಂತು. ಅವಳ ಮೊದಲಿನ ಒಂಬತ್ತೂ ಮೇಲೆಯೇ ಉಳಿದವು, ಒಂದನ್ನೂ ತೆಗೆಯಲಿಲ್ಲ. ಕೆಳಗೆ ಐಎಸ್ ಬಂತು, ಮೈಸೂರು ಬಂತು, ಹಾಸನ ಬಂತು. ಅಪ್ಪ ಎರಡು ಖಾಸಗಿ ವಿಶ್ವವಿದ್ಯಾಲಯಗಳನ್ನು ಫೀಸು ನೋಡಿ ಹೊಡೆದುಹಾಕಿದರು. ಮೊದಲ ಸುತ್ತಿನಲ್ಲಿ 19ನೇ ಆಪ್ಷನ್ ಬಂತು. ಛಾಯ್ಸ್ 2 ಒತ್ತಿದಳು. ಎರಡನೇ ಸುತ್ತಿನಲ್ಲಿ 14ನೇದಕ್ಕೆ ಏರಿದಳು: ಮೈಸೂರಿನಲ್ಲಿ ಇನ್ಫರ್ಮೇಷನ್ ಸೈನ್ಸ್, ಗ್ರಾಮೀಣ ಕೋಟಾದಲ್ಲಿ. ಹಾಸ್ಟೆಲ್‌ನಿಂದ ಕಾಲೇಜಿಗೆ ಏಳು ನಿಮಿಷ ನಡಿಗೆ ಅಂತೆ. ಸೈಟು ಇನ್ನೂ ಅವರ ಹೆಸರಿನಲ್ಲೇ ಇದೆ.